ಹದಿನೇಳು ಗಂಟೆ ಎಕಾನಮಿ ಸೀಟು, ಒಂಬತ್ತು ಗಂಟೆ ಲೇಓವರ್, ಜೊತೆಗೆ ಇಡೀ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ವಿಮಾನ ಹತ್ತಲು ಹೊರಟವರು ನನ್ನನ್ನು ಮೊದಲು ಕೇಳುವುದು "ಮಕ್ಕಳನ್ನ ಹೇಗೆ ಸಂಭಾಳಿಸಿದ್ರಿ?" ಅಂತ. ನಮ್ಮ ದಂಡಿನಲ್ಲಿ ನಾನು, ಗಂಡ, ಇಬ್ಬರು ಮಕ್ಕಳು, ಕೆಲವು ಸಲ ಅತ್ತೆ. ಈ ದಂಡು ಕಟ್ಟಿಕೊಂಡು ಹಲವು ಸಲ ಅರ್ಧ ಭೂಮಿ ದಾಟಿದ್ದೇನೆ. ಕಲಿತದ್ದು ಬಹುಪಾಲು ಎಡವಿ ಬಿದ್ದು. ಮಕ್ಕಳು ಅಷ್ಟೇನೂ ಕಷ್ಟ ಅಲ್ಲ. ದೊಡ್ಡವರೆಲ್ಲ ಒಂದೇ ಹೊತ್ತಿಗೆ ಸುಸ್ತಾಗಿ ಕೂರುತ್ತೇವಲ್ಲ, ಅದು ಕಷ್ಟ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ "ಪಾಳಿ" ಎಂಬ ಮಾತು ಜಾಸ್ತಿ ಬರುತ್ತದೆ.

ಪಾಳಿ ಅಂದರೆ ಏನು?

ಕಾರ್ಖಾನೆಯಲ್ಲಿ ಇರುತ್ತಲ್ಲ, ಅದೇ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಕೆಲಸದಲ್ಲಿ, ಇನ್ನೊಬ್ಬರು ರಜೆಯಲ್ಲಿ. ಮೂರು ಗಂಟೆಗೊಮ್ಮೆ ಬದಲಾವಣೆ. ರಜೆಯಲ್ಲಿರುವವರು ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಹಾಕಿ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಬೇಕು. ಮಗು "ಅಮ್ಮ ಬೇಕು" ಅಂದರೂ ಏಳಬಾರದು. ಇದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ, ಗೊತ್ತು. ಮೊದಲ ಪ್ರಯಾಣದಲ್ಲಿ ನಾವಿಬ್ಬರೂ ಹನ್ನೆರಡು ಗಂಟೆ ಎಚ್ಚರವಿದ್ದೆವು. ಮಕ್ಕಳು ಮಲಗಿದಾಗಲೂ "ಈಗ ಏಳ್ತಾವೆ" ಅಂತ ಕಾಯುತ್ತಾ ಕೂತಿದ್ದೆವು. ಇಳಿಯುವ ಹೊತ್ತಿಗೆ ಇಬ್ಬರಿಗೂ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೇವೆ ಅಂತಲೇ ನೆನಪಿಲ್ಲ. ಅದು ನನ್ನ ಜೇಬಿನಲ್ಲೇ ಇತ್ತು. ಅದಕ್ಕೆ ಜಗಳವೂ ಆಯಿತು.

ಒಬ್ಬರೇ ದೊಡ್ಡವರಿದ್ದರೆ ಪಾಳಿ ನಡೆಯುವುದಿಲ್ಲ. ಆಗ ಮಗು ಮಲಗಿದ ಕೂಡಲೇ ನೀವೂ ಮಲಗಿ. ಸಿನಿಮಾ, ಊಟ ಎಲ್ಲ ಆಮೇಲೆ.

ನೇರ ವಿಮಾನ ಒಳ್ಳೆಯದಾ, ನಡುವೆ ಇಳಿದು ಹೋಗುವುದು ಒಳ್ಳೆಯದಾ?

ಪರ್ತ್‌ನಿಂದ ಲಂಡನ್‌ಗೆ 2018ರಿಂದ ನೇರ ವಿಮಾನ ಇದೆ. ದೂರ ಸುಮಾರು 14,500 ಕಿಲೋಮೀಟರ್, ಸಮಯ ಹತ್ತಿರ ಹತ್ತಿರ 17 ಗಂಟೆ. ಆಕ್ಲೆಂಡ್–ದೋಹಾ ಕೂಡ ಅಷ್ಟೇ. ಇದಕ್ಕಿಂತ ಉದ್ದದ್ದು ಸಿಂಗಾಪುರ–ನ್ಯೂಯಾರ್ಕ್. ತಮಾಷೆ ಏನೆಂದರೆ ಆ ವಿಮಾನದಲ್ಲಿ ಎಕಾನಮಿ ಸೀಟೇ ಇಲ್ಲ. ಬಿಸಿನೆಸ್ ಮತ್ತು ಪ್ರೀಮಿಯಂ ಎಕಾನಮಿ, ಅಷ್ಟೇ. ನಮ್ಮಂಥವರನ್ನು ಅಷ್ಟು ಹೊತ್ತು ಕೂರಿಸಬಾರದು ಅಂತ ಅವರಿಗೇ ಅನಿಸಿರಬೇಕು.

ಎದೆಹಾಲು ಕುಡಿಯುವ ಕೂಸಿಗೆ ನೇರ ವಿಮಾನವೇ ಸರಿ. ಅದಕ್ಕೆ ಮಡಿಲೂ ಒಂದೇ, ಮನೆಯೂ ಒಂದೇ. ನಡೆಯಲು ಕಲಿತ ಒಂದೂವರೆಯಿಂದ ನಾಲ್ಕು ವರ್ಷದ ಮಕ್ಕಳಿಗೆ ನಡುವೆ ಇಳಿದು ಓಡುವ ಅವಕಾಶ ಬೇಕು. ಐದಾರು ವರ್ಷ ದಾಟಿದರೆ ಮತ್ತೆ ನೇರ ವಿಮಾನ. ಮಂಡಿ ನೋವು, ಕಾಲು ಊತ ಇರುವ ಹಿರಿಯರಿಗೆ ಒಂದು ನಿಲುಗಡೆ ಒಳ್ಳೆಯದು. ಆದರೆ ಎರಡು ನಿಲುಗಡೆ ಯಾರಿಗೂ ಬೇಡ. ಪ್ರತಿ ನಿಲುಗಡೆಗೂ ಮತ್ತೆ ಭದ್ರತಾ ತಪಾಸಣೆ, ಮತ್ತೆ ಸಾಲು, ಮತ್ತೆ ಮಲಗಿದ ಮಗುವನ್ನು ಎಬ್ಬಿಸುವ ಕೆಲಸ.

ಲೇಓವರ್ ಎಷ್ಟು ಹೊತ್ತು ಇದ್ದರೆ ಚೆನ್ನ?

ಲೇಓವರ್ ಅಂದರೆ ನಡುವಿನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಹೊತ್ತು. ಸಂಸಾರ ಸಮೇತ ಹೋಗುವವರಿಗೆ ಮೂರರಿಂದ ಐದು ಗಂಟೆ. ಒಂದು ಗಂಟೆಯ ಕನೆಕ್ಷನ್ ಇರುವ ಟಿಕೆಟ್ ಕೂಡ ಮಾರುತ್ತಾರೆ. ಪ್ರತಿ ವಿಮಾನ ನಿಲ್ದಾಣಕ್ಕೂ ಇಷ್ಟು ಸಮಯ ಸಾಕು ಎಂಬ ಕನಿಷ್ಠ ಲೆಕ್ಕ ಇರುತ್ತದೆ, ಅದಕ್ಕೆ ತಕ್ಕಂತೆ ಟಿಕೆಟ್ ಹೊಂದಿಸುತ್ತಾರೆ. ಆ ಲೆಕ್ಕ ಬೆನ್ನಿಗೊಂದು ಬ್ಯಾಗ್ ಹಾಕಿ ದಾಪುಗಾಲು ಹಾಕುವವರಿಗೆ ಸರಿ. ನಾಲ್ಕು ವರ್ಷದ ಮಗು ನಡುದಾರಿಯಲ್ಲಿ "ಸುಸು" ಅಂದರೆ ಆ ಲೆಕ್ಕ ಮುಗಿಯಿತು.

ಆರರಿಂದ ಒಂಬತ್ತು ಗಂಟೆ ಅತಿ ಕೆಟ್ಟ ಅಳತೆ. ಹೋಟೆಲಿಗೆ ಹೋಗಲು ಕಮ್ಮಿ, ಸುಮ್ನೆ ಕೂರಲು ಜಾಸ್ತಿ. ಹನ್ನೆರಡು ಗಂಟೆ ಮೀರಿದರೆ ರೂಮು ಮಾಡಿ ಮಲಗಿಬಿಡಬಹುದು. ಆದರೂ ಆ ಕೆಟ್ಟ ಅಳತೆಯೇ ಸಿಕ್ಕರೆ ಮುಂದೆ ಉತ್ತರ ಇದೆ.

ಟಿಕೆಟ್ ಮಾಡುವಾಗ ಜನ ಎಲ್ಲಿ ಎಡವುತ್ತಾರೆ?

ಮೊದಲನೆಯದು ಮಧ್ಯರಾತ್ರಿ. ಟಿಕೆಟ್‌ನಲ್ಲಿ 15ನೇ ತಾರೀಕು 00:40 ಅಂತ ಇದ್ದರೆ ನೀವು ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಊಟ ಮುಗಿಸಿ ಆರಾಮಾಗಿ ಹೊರಟವರ ಕತೆ ಒಂದಲ್ಲ ಎರಡಲ್ಲ.

ಎರಡನೆಯದು ಬಿಡಿ ಬಿಡಿ ಟಿಕೆಟ್. ಎರಡು ವಿಮಾನವೂ ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನ ಹತ್ತಿಸುವ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆ ತೆಗೆದುಕೊಂಡಿದ್ದರೆ ಆ ಹೊಣೆ ಪೂರ್ತಿ ನಿಮ್ಮದು. ಲಗೇಜ್ ಕೂಡ ನೀವೇ ತೆಗೆದು ಮತ್ತೆ ಕೊಡಬೇಕಾಗಬಹುದು. ಹಾಗೆ ತೆಗೆಯಲು ಆ ದೇಶದೊಳಗೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಉಳಿತಾಯ ಮಾಡಲು ಹೋಗಿ ಮೈಮೇಲೆ ಎಳೆದುಕೊಳ್ಳುವುದು ಅಂದರೆ ಇದೇ.

ಮೂರನೆಯದು ಕೂಸಿನ ವಯಸ್ಸು. ಎರಡು ವರ್ಷ ತುಂಬುವ ತನಕ ಮಡಿಲಲ್ಲಿ ಕೂರಿಸಬಹುದು. ತುಂಬಿದ ಮೇಲೆ ಸ್ವಂತ ಸೀಟು ಬೇಕು. ಹೋಗುವಾಗ 23 ತಿಂಗಳು, ಬರುವಾಗ 24 ತಿಂಗಳು ಆಗಿದ್ದರೆ ವಾಪಸ್ ಬರುವಾಗ ಸೀಟು ಬೇಕೇ ಬೇಕು.

ವಿಮಾನ ಬದಲಿಸಲು ಮಾತ್ರ ಇಳಿಯುವುದಾದರೆ ವೀಸಾ ಯಾಕೆ?

ಎಲ್ಲ ಕಡೆ ಬೇಡ. ಆದರೆ ಕೆಲವು ಕಡೆ ಬೇಕು. ಇದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದರ ಮೇಲೆ ನಿಂತಿದೆ. ಅಮೆರಿಕದಲ್ಲಿ ಹೊರಗಿನಿಂದ ಬಂದ ಯಾರೇ ಆಗಲಿ, ಮುಂದಿನ ವಿಮಾನ ಹತ್ತುವ ಮೊದಲು ಇಮಿಗ್ರೇಷನ್ ದಾಟಲೇಬೇಕು. ಅಲ್ಲಿಗೆ ವೀಸಾ ಬೇಕಾಗುವ ದೇಶದವರಿಗೆ ಎರಡು ಗಂಟೆಯ ನಿಲುಗಡೆಗೂ ವೀಸಾ ಬೇಕು. ಯುರೋಪಿನ ಷೆಂಗೆನ್ ದೇಶಗಳಲ್ಲಿ (ತಮ್ಮೊಳಗೆ ಗಡಿ ತಪಾಸಣೆ ಇಟ್ಟುಕೊಳ್ಳದ ದೇಶಗಳ ಗುಂಪು) ಎರಡು ಕಡೆ ಇಳಿದರೆ, ಒಂದರಿಂದ ಇನ್ನೊಂದಕ್ಕೆ ಹೋಗುವುದು ಒಳನಾಡಿನ ಪ್ರಯಾಣವಿದ್ದಂತೆ. ಅಲ್ಲೂ ಅಷ್ಟೇ, ವೀಸಾ ಬೇಕಾಗುವವರು ಮೊದಲೇ ಮಾಡಿಸಿಕೊಳ್ಳಬೇಕು. ಒಂದೇ ಮನೆಯಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇದ್ದರೆ ಒಬ್ಬೊಬ್ಬರದೂ ಬೇರೆ ಬೇರೆಯಾಗಿ ನೋಡಿ. ಇಲ್ಲದಿದ್ದರೆ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸಿಬಿಡುತ್ತಾರೆ.

ಯಾವ ಸೀಟು ಹಿಡಿಯಬೇಕು?

ಮೊದಲು ನಿಮ್ಮ ವಿಮಾನ ಯಾವುದು ನೋಡಿ. ಬೋಯಿಂಗ್ 777ರಲ್ಲಿ ಹೆಚ್ಚಾಗಿ 3-4-3, ಅಂದರೆ ಒಂದು ಸಾಲಿನಲ್ಲಿ ಎರಡೂ ಕಿಟಕಿ ಕಡೆ ಮೂರು ಮೂರು, ಮಧ್ಯೆ ನಾಲ್ಕು ಸೀಟು. ಬೋಯಿಂಗ್ 787 ಮತ್ತು ಏರ್‌ಬಸ್ ಎ350ಯಲ್ಲಿ ಹೆಚ್ಚಾಗಿ 3-3-3. ಏರ್‌ಬಸ್ ಎ330ರಲ್ಲಿ ಸಾಮಾನ್ಯವಾಗಿ 2-4-2. ನಾಲ್ವರಿದ್ದರೆ ಮಧ್ಯದ ನಾಲ್ಕು ಸೀಟು ಚೆನ್ನ ಅಂತ ಕಾಣುತ್ತದೆ. ಎರಡೂ ಕಡೆ ದೊಡ್ಡವರು, ನಡುವೆ ಮಕ್ಕಳು. ಮಗು ಜಾರಿ ಓಡಿಹೋಗುವ ಹಾಗಿಲ್ಲ. ನಾವೂ ಹಾಗೇ ಮಾಡುತ್ತಿದ್ದೆವು.

ಈಗ ಮಾಡುವುದಿಲ್ಲ. ಹಾಗೆ ಕೂತರೆ ಇಬ್ಬರೂ ಯಾವಾಗಲೂ ಕೆಲಸದಲ್ಲೇ. ಒಬ್ಬೊಬ್ಬರಿಗೆ ಒಂದೊಂದು ಮಗು ಅಂಟಿಕೊಂಡಿರುತ್ತದೆ, ಪಾಳಿ ನಡೆಯುವುದಿಲ್ಲ. ಈಗ ಮೂರು ಸೀಟಿನ ಸಾಲಿನಲ್ಲಿ ಒಬ್ಬರು ಇಬ್ಬರು ಮಕ್ಕಳ ಜೊತೆ, ಇನ್ನೊಬ್ಬರು ಐಲ್ (ಸೀಟುಗಳ ನಡುವಿನ ಓಡಾಡುವ ದಾರಿ) ಆಚೆ ಅಥವಾ ಹಿಂದಿನ ಸಾಲಿನಲ್ಲಿ. ಆ ಇನ್ನೊಂದು ಸೀಟಿಗೆ ನಮ್ಮ ಮನೆಯಲ್ಲಿ "ರಜೆ ಸೀಟು" ಅಂತಲೇ ಹೆಸರು. ಮೂರು ಗಂಟೆಗೊಮ್ಮೆ ಅದಲು ಬದಲು.

ಕೊನೆಯ ಸಾಲು ಬೇಡ. ಕೆಲವು ವಿಮಾನಗಳಲ್ಲಿ ಅದು ಹಿಂದಕ್ಕೆ ಬಾಗುವುದಿಲ್ಲ, ಪಕ್ಕದಲ್ಲೇ ಶೌಚಾಲಯ. ಹೊಟ್ಟೆ ತೊಳಸುವ ಮಗು ಇದ್ದರೆ ರೆಕ್ಕೆಯ ಹತ್ತಿರ ಕೂತುಕೊಳ್ಳಿ. ಕುಲುಕಾಟ ಅಲ್ಲಿ ಕಮ್ಮಿ, ಬಾಲದ ಕಡೆ ಜಾಸ್ತಿ. ತುರ್ತು ಬಾಗಿಲ ಪಕ್ಕದ ಅಗಲ ಜಾಗದ ಮೇಲೆ ಆಸೆ ಪಡಬೇಡಿ, ಮಕ್ಕಳನ್ನು ಅಲ್ಲಿ ಕೂರಿಸುವುದಿಲ್ಲ.

ಬ್ಯಾಸಿನೆಟ್ ಸಿಕ್ಕರೆ ಎಲ್ಲ ಸರಿಹೋಗುತ್ತಾ?

ಬ್ಯಾಸಿನೆಟ್ ಅಂದರೆ ಎದುರಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು. ಟಿಕೆಟ್ ಮಾಡಿದ ದಿನವೇ ಕೇಳಿಡಿ, ಸಂಖ್ಯೆ ಬಹಳ ಕಮ್ಮಿ ಇರುತ್ತದೆ. ತೂಕದ ಮಿತಿ ಒಂದೊಂದು ಕಂಪನಿಯದು ಒಂದೊಂದು ಥರ, ಹೆಚ್ಚಿನ ಕಡೆ 10 ಕೆಜಿ ಆಸುಪಾಸು. ಗುಂಡುಗುಂಡಾಗಿರುವ ಎಂಟು ತಿಂಗಳ ಕೂಸು ಹಿಡಿಸದೇ ಹೋಗಬಹುದು.

ಒಂದು ವಿಷಯ ಯಾರೂ ಹೇಳುವುದಿಲ್ಲ. ವಿಮಾನ ಕುಲುಕಲು ಶುರುವಾಗಿ ಬೆಲ್ಟ್ ದೀಪ ಹತ್ತಿತು ಅಂದರೆ ಕೂಸನ್ನು ಎತ್ತಿ ಮಡಿಲಲ್ಲಿ ಕೂರಿಸಿ ಬೆಲ್ಟ್ ಹಾಕಬೇಕು. ಒಂದು ರಾತ್ರಿಯಲ್ಲಿ ಐದು ಸಲ ಎತ್ತಿದ್ದೇನೆ. ಆ ಸಾಲಿನ ಕೈಒರಗು ಮೇಲಕ್ಕೆ ಏಳುವುದೂ ಇಲ್ಲ, ಟ್ರೇ ಅದರೊಳಗೇ ಇರುತ್ತದೆ. ಕಾಲ ಬುಡದಲ್ಲಿ ಬ್ಯಾಗ್ ಇಡುವ ಹಾಗಿಲ್ಲ, ಏರುವಾಗ ಇಳಿಯುವಾಗ ಎಲ್ಲ ಮೇಲಿನ ಡಬ್ಬಿಗೆ. ಇಷ್ಟೆಲ್ಲ ಇದ್ದರೂ ಆರು ತಿಂಗಳ ಒಳಗಿನ ಕೂಸಿಗೆ ನಾನು ಅದನ್ನೇ ಕೇಳುತ್ತೇನೆ. ಅರ್ಧ ಗಂಟೆ ಎರಡೂ ಕೈ ಖಾಲಿ ಇದ್ದರೆ ಎಷ್ಟು ಸುಖ ಅಂತ ಆಗ ಗೊತ್ತಾಗುತ್ತದೆ.

ಕೈಬ್ಯಾಗಿನಲ್ಲಿ ಏನಿರಬೇಕು?

ಉದ್ದ ಪಟ್ಟಿ ಕೊಡುವುದಿಲ್ಲ. ಜನ ಮರೆಯುವುದನ್ನು ಮಾತ್ರ ಹೇಳುತ್ತೇನೆ.

ಮಕ್ಕಳಿಗೆ ಒಂದೊಂದು ಜೊತೆ ಬಟ್ಟೆ ಎಲ್ಲರೂ ಇಟ್ಟುಕೊಳ್ಳುತ್ತಾರೆ. ದೊಡ್ಡವರಿಗೆ ಇಡುವುದಿಲ್ಲ. ಮಗು ವಾಂತಿ ಮಾಡುವುದು ನಿಮ್ಮ ಮೇಲೆ, ಅಲ್ವಾ? ಒಂದು ಟೀ ಶರ್ಟ್ ಆದರೂ ಇರಲಿ. ಪ್ರತಿ ಬಟ್ಟೆಯನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಒದ್ದೆಯಾದದ್ದು ಅದೇ ಚೀಲಕ್ಕೆ ವಾಪಸ್.

ಡೈಪರ್ ಲೆಕ್ಕ ಹೀಗೆ: ಮನೆಯಿಂದ ಮನೆಗೆ ಒಟ್ಟು ಎಷ್ಟು ಗಂಟೆ ನೋಡಿ, ಎರಡು ಗಂಟೆಗೆ ಒಂದರಂತೆ, ಮೇಲೆ ಐದು. ಶೌಚಾಲಯಕ್ಕೆ ಇಡೀ ಬ್ಯಾಗ್ ಹೊತ್ತು ಹೋಗಬೇಡಿ. ಒಂದು ಡೈಪರ್, ಒರೆಸುವ ವೈಪ್ಸ್, ಒಂದು ಚೀಲ, ಇಷ್ಟನ್ನು ಸಣ್ಣ ಸಂಚಿಯಲ್ಲಿ ಬೇರೆ ಇಡಿ.

ಔಷಧಿ ಎಲ್ಲವೂ ಕೈಬ್ಯಾಗಿನಲ್ಲೇ, ಡಾಕ್ಟರ ಚೀಟಿ ಸಮೇತ. ಇನ್ಸುಲಿನ್ ಅಂತೂ ಕೆಳಗಿನ ಲಗೇಜಿಗೆ ಹಾಕಲೇಬಾರದು, ಹೆಪ್ಪುಗಟ್ಟಿ ಕೆಡಬಹುದು. ಒಬ್ಬೊಬ್ಬರಿಗೂ ಒಂದು ಪೆನ್ನು. ಇಳಿಯುವ ಮೊದಲು ತುಂಬುವ ಫಾರಂ ಕೊಟ್ಟರೆ ಆಗ ಪೆನ್ನಿಗೆ ಬರುವ ಬೆಲೆ ನೋಡಬೇಕು.

ದ್ರವದ ನಿಯಮ ಗೊತ್ತಿರುತ್ತೆ, ಕೈಬ್ಯಾಗಿನಲ್ಲಿ ಒಂದೊಂದು ಬಾಟಲಿಯೂ 100 ಮಿಲಿ ಮೀರಬಾರದು. ಮಗುವಿನ ಹಾಲು, ಪ್ರಯಾಣಕ್ಕೆ ಬೇಕಾಗುವಷ್ಟು ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ, ಆದರೆ ತಪಾಸಣೆಯಲ್ಲಿ ತೆಗೆದು ತೋರಿಸಬೇಕು. ಹೊಸ ಸ್ಕ್ಯಾನರ್ ಬಂದಿರುವ ಕೆಲವು ಕಡೆ ಈ ನಿಯಮ ಸಡಿಲವಾಗಿದೆ. ಹಾಗಂತ ಮೈಮರೆಯಬೇಡಿ. ನಡುವೆ ಇಳಿಯುವ ಕಡೆ ಬಿಗಿಯಾಗಿದ್ದರೆ ಅಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ.

ಪವರ್ ಬ್ಯಾಂಕ್ ತೆಗೆದುಕೊಂಡು ಹೋಗಬಹುದಾ?

ಕೈಬ್ಯಾಗಿನಲ್ಲಿ ಮಾತ್ರ. ಮಿತಿ 100 ವಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ). ಮಾಮೂಲಿ 20,000 ಎಂಎಎಚ್‌ನದ್ದು ಸುಮಾರು 74 ವಾಟ್-ಅವರ್ ಆಗುತ್ತದೆ, ತೊಂದರೆ ಇಲ್ಲ. ಅದರ ಮೇಲೆ ಅಂಕಿ ಅಳಿಸಿ ಹೋಗಿದ್ದರೆ ಕೆಲವು ಕಡೆ ಕಿತ್ತಿಟ್ಟುಕೊಳ್ಳುತ್ತಾರೆ. 2025ರಿಂದ ಹಲವು ಕಂಪನಿಗಳು ಹಾರಾಟದ ನಡುವೆ ಅದನ್ನು ಬಳಸುವುದನ್ನೇ ನಿಲ್ಲಿಸಿವೆ. ಆದ್ದರಿಂದ ಮಕ್ಕಳ ಟ್ಯಾಬ್ಲೆಟ್ ಪೂರ್ತಿ ಚಾರ್ಜ್ ಮಾಡಿಯೇ ಹತ್ತಿ. ಸಿನಿಮಾಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಇಂಟರ್ನೆಟ್ ಆಫ್ ಮಾಡಿ ಒಂದು ಸಲ ಓಡಿಸಿ ನೋಡಿ.

ಮಕ್ಕಳಿರುವವರು ಮೊದಲು ವಿಮಾನ ಹತ್ತಿ ಅಂತ ಕರೆದರೆ ಹೋಗಬೇಕಾ?

ಒಬ್ಬರು ಹೋಗಿ, ಬ್ಯಾಗುಗಳ ಜೊತೆ. ಇನ್ನೊಬ್ಬರು ಮಕ್ಕಳನ್ನು ಗೇಟಿನ ಹತ್ತಿರ ಕುಣಿಸಿ ಕೊನೆಗೆ ಹತ್ತಿ. ಹದಿನೇಳು ಗಂಟೆ ಕೂರುವುದು ಇದ್ದೇ ಇದೆ, ಮುಕ್ಕಾಲು ಗಂಟೆ ಮೊದಲೇ ಯಾಕೆ ಶುರು ಮಾಡಬೇಕು?

ಇಳಿಯುವಾಗ ಮಗು ಕಿವಿ ಹಿಡಿದುಕೊಂಡು ಅಳುತ್ತದೆ. ಏನು ಮಾಡಲಿ?

ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ನುಂಗಿದಾಗ ಅದು ತೆರೆದು ಒಳಗಿನ ಮತ್ತು ಹೊರಗಿನ ಒತ್ತಡ ಸಮ ಆಗುತ್ತದೆ. ಮಕ್ಕಳಲ್ಲಿ ಆ ಕೊಳವೆ ಕಿರಿದು. ಏರುವಾಗ ಗಾಳಿ ತಾನಾಗೇ ಹೊರಗೆ ಹೋಗುತ್ತದೆ, ಇಳಿಯುವಾಗ ಒಳಗೆ ಬರಲು ಒದ್ದಾಡುತ್ತದೆ. ಅದಕ್ಕೇ ಇಳಿಯುವಾಗ ನೋವು ಜಾಸ್ತಿ.

ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಇಳಿಯುವುದು ಶುರುವಾಗುತ್ತದೆ. ಕೂಸಿಗೆ ಹಾಲು ಕೊಡಬೇಕಾದ್ದು ಆಗ. ಬಹಳ ಜನ ಚಕ್ರ ಬಿಚ್ಚಿದ ಸದ್ದು ಕೇಳಿದ ಮೇಲೆ ಬಾಟಲಿ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಕಿವಿ ಕಟ್ಟಿರುತ್ತದೆ. ದೊಡ್ಡ ಮಕ್ಕಳಿಗೆ ಸ್ಟ್ರಾದಲ್ಲಿ ನೀರು ಹೀರಲು ಕೊಡಿ. ಮಲಗಿದ್ದರೆ ಎಬ್ಬಿಸಿ, ಪಾಪ ಅನಿಸಿದರೂ ಸರಿ, ನಿದ್ದೆಯಲ್ಲಿ ನುಂಗುವುದು ಕಮ್ಮಿ. ನೆಗಡಿ, ಕಿವಿ ಸೋಂಕು ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ.

ಮಗು ಗಂಟೆಗಟ್ಟಲೆ ಅತ್ತರೆ? ಎಲ್ಲರೂ ತಿರುಗಿ ನೋಡುತ್ತಾರೆ.

ನೋಡಲಿ. ನೋಡುವವರಲ್ಲಿ ಅರ್ಧ ಜನ ತಮ್ಮ ಮಕ್ಕಳು ಹೀಗೇ ಅತ್ತದ್ದನ್ನು ನೆನೆಯುತ್ತಿರುತ್ತಾರೆ. ಇಂಜಿನ್ ಸದ್ದು ಎಷ್ಟಿರುತ್ತದೆ ಅಂದರೆ ನಿಮಗೆ ಕಿವಿಗಡಚಿಕ್ಕುವ ಅಳು ಆರು ಸಾಲು ಆಚೆ ಅಷ್ಟಾಗಿ ಕೇಳುವುದಿಲ್ಲ. ಇದು ನನ್ನ ಗಂಡ ಆಚೆ ಹೋಗಿ ನಿಂತು ಪರೀಕ್ಷೆ ಮಾಡಿ ಹೇಳಿದ ಮಾತು. ಅವರಿಗೆ ಆ ಕಡೆ ಓಡಲು ನೆಪ ಬೇಕಿತ್ತು ಅಂತ ನನ್ನ ಗುಮಾನಿ.

ಅಳು ನಿಲ್ಲದಿದ್ದರೆ ಜಾಗ ಬದಲಿಸಿ. ಹಿಂಬದಿಯ ಅಡುಗೆ ಜಾಗದ ಹತ್ತಿರ ಎತ್ತಿಕೊಂಡು ನಿಲ್ಲಿ. ಅಲ್ಲಿನ ಸಿಬ್ಬಂದಿ ಒಂದು ಕಾಗದದ ಲೋಟ ಕೊಟ್ಟರೂ ಮಗುವಿಗೆ ಹತ್ತು ನಿಮಿಷದ ಆಟ. ಅರ್ಧ ಗಂಟೆ ಆದ ಮೇಲೂ ಒಬ್ಬರೇ ಎತ್ತಿಕೊಂಡಿದ್ದರೆ ಪಾಳಿ ಮುರಿದು ಇನ್ನೊಬ್ಬರನ್ನು ಎಬ್ಬಿಸಿ. ಸುಸ್ತಾದ ಕೈ ಮಗುವಿಗೆ ಗೊತ್ತಾಗುತ್ತದೆ.

ನಿದ್ದೆ ಬರಿಸಲು ಅಲರ್ಜಿಯ ಸಿರಪ್ ಕೊಡಿ ಅಂತ ಹೇಳುವವರು ಸಿಗುತ್ತಾರೆ. ಡಾಕ್ಟರು ಹೇಳದೆ ಕೊಡಬೇಡಿ. ಕೆಲವು ಮಕ್ಕಳಲ್ಲಿ ಅದು ತಿರುಗಿ ಹೊಡೆಯುತ್ತದೆ, ಮಲಗುವ ಬದಲು ಕುಣಿಯಲು ಶುರು ಮಾಡುತ್ತವೆ.

ಟಿವಿ, ಟ್ಯಾಬ್ಲೆಟ್ ಎಷ್ಟು ಹೊತ್ತು ಬಿಡಬಹುದು?

ಎಷ್ಟು ಬೇಕಾದರೂ. ಮನೆಯ ನಿಯಮ ಮನೆಯಲ್ಲಿ. ಆದರೆ ಹತ್ತಿದ ಕೂಡಲೇ ಕೊಡಬೇಡಿ. ಮೊದಲ ಎರಡು ಗಂಟೆ ಕಿಟಕಿ, ಬೆಲ್ಟು, ಟ್ರೇ ಇವೇ ಹೊಸ ಆಟಿಕೆ. ಸ್ಕ್ರೀನ್ ಕೊನೆಯ ಅಸ್ತ್ರ. ಮಕ್ಕಳ ತಲೆಗೆ ಹಿಡಿಯುವ ಹೆಡ್‌ಫೋನ್ ನೀವೇ ಒಯ್ಯಿರಿ.

ಊಟದ ವಿಷಯ?

ವಿಶೇಷ ಊಟ ಕನಿಷ್ಠ 24 ಗಂಟೆ ಮೊದಲೇ ಹೇಳಿಡಬೇಕು. ಅದಕ್ಕೊಂದು ಲಾಭ ಇದೆ, ಎಲ್ಲರಿಗಿಂತ ಮೊದಲು ಬರುತ್ತದೆ. ಮಕ್ಕಳಿಗೂ ಬೇರೆ ಊಟ ಇರುತ್ತದೆ. ಮಕ್ಕಳ ಊಟ ಮೊದಲು ಬಂದರೆ ಅವರಿಗೆ ತಿನ್ನಿಸಿ ಮುಗಿಸುವ ಹೊತ್ತಿಗೆ ನಿಮ್ಮದು ಬರುತ್ತದೆ. ಎಲ್ಲರ ಟ್ರೇ ಒಟ್ಟಿಗೆ ಬಂದರೆ ಯಾರೂ ಕದಲುವ ಹಾಗಿಲ್ಲ. ಆಗಲೇ ಮಗುವಿಗೆ ಶೌಚಾಲಯ ನೆನಪಾಗುವುದು. ನಾವು ಪಾಳಿಯವರ ಟ್ರೇ ಮಾತ್ರ ಮೊದಲು ತೆಗೆದುಕೊಳ್ಳುತ್ತೇವೆ, ರಜೆಯವರದು ಆಮೇಲೆ ಕೊಡಿ ಅನ್ನುತ್ತೇವೆ. ಸಾಮಾನ್ಯವಾಗಿ ಒಪ್ಪುತ್ತಾರೆ.

ಮೇಲೆ ಊಟ ಸಪ್ಪೆ ಅನಿಸುವುದು ಅಡುಗೆಯವರ ತಪ್ಪು ಮಾತ್ರ ಅಲ್ಲ. ಕ್ಯಾಬಿನ್‌ನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ. ತೇವಾಂಶ ಹೆಚ್ಚಾಗಿ 20 ಪರ್ಸೆಂಟಿಗಿಂತ ಕಮ್ಮಿ. ಮೂಗು ಒಣಗಿ ಉಪ್ಪು, ಸಿಹಿ ಎರಡೂ ಮಂಕಾಗುತ್ತವೆ. ಅದೇ ಕಾರಣಕ್ಕೆ ಬಾಯಾರಿಕೆ, ಕಣ್ಣುರಿ, ತುಟಿ ಒಡೆಯುವುದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಭದ್ರತಾ ತಪಾಸಣೆ ದಾಟಿದ ಮೇಲೆ ಎಲ್ಲರ ಖಾಲಿ ಬಾಟಲಿ ತುಂಬಿಸಿ.

ಕೂತಲ್ಲೇ ನಿದ್ದೆ ಬರುವುದಿಲ್ಲ. ಉಪಾಯ ಇದೆಯಾ?

ಚೂರುಪಾರು ಇದೆ. ಬೆಲ್ಟನ್ನು ಹೊದಿಕೆಯ ಮೇಲೆ ಕಟ್ಟಿಕೊಳ್ಳಿ. ದೀಪ ಹತ್ತಿದಾಗ ಸಿಬ್ಬಂದಿಗೆ ಬೆಲ್ಟ್ ಕಂಡರೆ ನಿಮ್ಮನ್ನು ಎಬ್ಬಿಸುವುದಿಲ್ಲ. ಕುತ್ತಿಗೆ ದಿಂಬನ್ನು ಹಿಂದುಮುಂದು ಮಾಡಿ ಗಲ್ಲದ ಕೆಳಗೆ ಹಾಕಿಕೊಂಡರೆ ತಲೆ ಮುಂದಕ್ಕೆ ಜೋಲುವುದಿಲ್ಲ. ಸೊಂಟದ ಹಿಂದೆ ಸುತ್ತಿದ ಶಾಲು. ಇಷ್ಟಾದರೂ ಆಳವಾದ ನಿದ್ದೆಯ ಆಸೆ ಬೇಡ. ಕಣ್ಣು ಮುಚ್ಚಿ, ಯಾರೂ ಏನೂ ಕೇಳದೆ ಎರಡು ಗಂಟೆ ಕೂತರೂ ಮುಂದಿನ ಪಾಳಿಗೆ ಸಾಕು.

ಕಾಲು ಊದಿಕೊಳ್ಳುತ್ತದೆ. ಹೆದರಬೇಕಾ?

ಎರಡೂ ಕಾಲು ಸಮನಾಗಿ ಊದಿದರೆ ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಡಿಲ ಚಪ್ಪಲಿ ಅಥವಾ ಶೂ ಹಾಕಿ. ಹೆದರಬೇಕಾದ್ದು ಒಂದೇ ಕಾಲು ಊದಿ ಮೀನಖಂಡ ನೋಯುವಾಗ. ಅದು ರಕ್ತನಾಳದಲ್ಲಿ ಹೆಪ್ಪು ಕಟ್ಟಿದ ಗುರುತಾಗಿರಬಹುದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅಲ್ಲೇ ಸಿಬ್ಬಂದಿಗೆ ಹೇಳಿ. ಇಳಿದ ಮೇಲೆ ಬಂದರೂ ತಡ ಮಾಡಬೇಡಿ.

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಾಗಿರುವವರಿಗೆ ಆಗಲೂ ಅದು ಬಹಳ ಅಪರೂಪ. ಮೊದಲು ಹೆಪ್ಪು ಕಟ್ಟಿದವರು, ಬಸುರಿಯರು, ಬಾಣಂತಿಯರು, ಈಚೆಗೆ ಆಪರೇಷನ್ ಆದವರು ಮಾತ್ರ ಮೊದಲೇ ಡಾಕ್ಟರನ್ನು ಕೇಳಬೇಕು. ಉಳಿದವರು ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಆಗಾಗ ಎದ್ದು ನಡೆಯಿರಿ. ಈ ವಿಷಯದಲ್ಲಿ ಮಕ್ಕಳಿರುವವರೇ ಅದೃಷ್ಟವಂತರು, ಕೂರಲು ಬಿಟ್ಟರೆ ತಾನೇ.

ವಯಸ್ಸಾದವರಿಗೆ ವೀಲ್‌ಚೇರ್ ಕೇಳಲೇ? ಅವರು ಬೇಡ ಅನ್ನುತ್ತಾರೆ.

ಕೇಳಿ. ನಮ್ಮತ್ತೆಯೂ "ನಾನೇನು ಕಾಯಿಲೆಯವಳಾ?" ಅಂದಿದ್ದರು. ಮನೆಯಲ್ಲಿ ಆರಾಮಾಗಿ ನಡೆಯುವವರಿಗೂ ದೊಡ್ಡ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದು ಭಾರ, ಅದೂ ನಿದ್ದೆಗೆಟ್ಟು. ಕನಿಷ್ಠ 48 ಗಂಟೆ ಮೊದಲು ಹೇಳಿಡಿ. ಮೆಟ್ಟಿಲು ಹತ್ತಬಲ್ಲರೇ, ಸೀಟಿನ ತನಕ ನಡೆಯಬಲ್ಲರೇ ಅಂತ ಕೇಳುತ್ತಾರೆ, ಅದಕ್ಕೆ ತಕ್ಕ ಸಹಾಯ ಬರೆದುಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಲೇಓವರ್ ಉದ್ದ ಇದ್ದರೆ ವೀಲ್‌ಚೇರ್ ತಳ್ಳುವ ಸಿಬ್ಬಂದಿ ಹಿರಿಯರನ್ನು ಒಂದು ಕಾಯುವ ಜಾಗದಲ್ಲಿ ಕೂರಿಸಿ, ಹೊತ್ತಾದಾಗ ಬರುತ್ತೇವೆ ಅಂತ ಹೋಗುತ್ತಾರೆ. ಒಂದು ಸಲ ಅತ್ತೆಯನ್ನು ಕೂರಿಸಿ ಹೋದವರು ಬರಲೇ ಇಲ್ಲ. ನಾವು ಬೇರೆ ಮಹಡಿಯಲ್ಲಿ ಮಕ್ಕಳನ್ನು ಆಡಿಸುತ್ತಿದ್ದೆವು. ಬೋರ್ಡಿಂಗ್ ಶುರುವಾದ ಮೇಲೆ ಓಡಿ ಹೋಗಿ ನೋಡಿದರೆ ಅವರು ಬೋರ್ಡಿಂಗ್ ಪಾಸನ್ನೇ ಬೀಸಣಿಗೆ ಮಾಡಿಕೊಂಡು ಕೂತಿದ್ದರು. ಅಂದಿನಿಂದ ಅವರ ಕೊರಳಿಗೆ ಒಂದು ಚೀಲ. ಅದರಲ್ಲಿ ಬೋರ್ಡಿಂಗ್ ಪಾಸ್, ನಮ್ಮ ಫೋನ್ ನಂಬರ್, ಮಾತ್ರೆ, ಮುಂದಿನ ವಿಮಾನದ ಹೊತ್ತು ಬರೆದ ಚೀಟಿ. ಅವರನ್ನೂ ಪಾಳಿಗೆ ಸೇರಿಸಿದ್ದೇವೆ. ಕತೆ ಹೇಳುವ ಪಾಳಿ. ನಮಗಿಂತ ಚೆನ್ನಾಗಿ ನಡೆಸುತ್ತಾರೆ.

ಒಂಬತ್ತು ಗಂಟೆ ಲೇಓವರ್. ಏನು ಮಾಡುವುದು?

ಮೂರು ತುಂಡು ಮಾಡಿ. ಓಡುವ ಹೊತ್ತು, ತೊಳೆಯುವ ಹೊತ್ತು, ಮಲಗುವ ಹೊತ್ತು.

ಇಳಿದ ಕೂಡಲೇ ಮಕ್ಕಳನ್ನು ಓಡಲು ಬಿಡಿ. ದೊಡ್ಡ ನಿಲ್ದಾಣಗಳಲ್ಲಿ ಆಟದ ಜಾಗ ಇರುತ್ತದೆ. ಸಿಂಗಾಪುರದ ಚಾಂಗಿಯಲ್ಲಿ ಚಿಟ್ಟೆಗಳ ತೋಟವೇ ಇದೆ. ದೋಹಾದ ಹಮದ್ ನಿಲ್ದಾಣದೊಳಗೆ ಮರಗಿಡಗಳ ತೋಟ ಇದೆ, ತಲೆಯ ಮೇಲೆ ದೀಪ ಹೊತ್ತ ದೈತ್ಯ ಹಳದಿ ಕರಡಿ ಇದೆ. ನಮ್ಮ ಚಿಕ್ಕವನಿಗೆ ಆ ಕರಡಿಯ ಸುತ್ತ ಓಡುವುದೇ ಒಂದು ಗಂಟೆ. ಆಟದ ಜಾಗ ಇಲ್ಲದಿದ್ದರೆ ಖಾಲಿ ಗೇಟು ಹುಡುಕಿ. ಚಲಿಸುವ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದರೂ ಮಕ್ಕಳಿಗೆ ಜಾತ್ರೆ.

ಆಮೇಲೆ ಸ್ನಾನ. ಹಲವು ಕಡೆ ಶವರ್ ಇದೆ, ಕೆಲವು ಕಡೆ ಪುಕ್ಕಟೆ. ಇಲ್ಲವೆಂದರೆ ಮುಖ, ಕೈಕಾಲು ತೊಳೆದು, ಹಲ್ಲುಜ್ಜಿ, ಬಟ್ಟೆ ಬದಲಿಸಿ. ಬಟ್ಟೆ ಬದಲಾದರೆ ಮಕ್ಕಳಿಗೆ ಹೊಸ ದಿನ ಶುರುವಾದಂತೆ.

ಮಲಗಲು ಮೂಲೆಯ ಜಾಗ ಹುಡುಕಿ, ಕೈಒರಗು ಇಲ್ಲದ ಸಾಲು ಕುರ್ಚಿ ಸಿಕ್ಕರೆ ಪುಣ್ಯ. ಎಸಿ ಕೊರೆಯುತ್ತದೆ, ಎಲ್ಲರಿಗೂ ಸ್ವೆಟರ್ ಇರಲಿ. ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳಿ. ಇಲ್ಲೂ ಒಬ್ಬರು ಎಚ್ಚರ ಇರಲೇಬೇಕು. ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಅಂತ ಕೂಗುವುದೇ ಇಲ್ಲ, ಫಲಕ ನೋಡಿಕೊಳ್ಳಬೇಕು. ಗೇಟು ಬದಲಾಗುತ್ತದೆ. ಫೋನು ಇನ್ನೂ ಫ್ಲೈಟ್ ಮೋಡ್‌ನಲ್ಲಿದ್ದರೆ ಹಳೆಯ ಊರಿನ ಸಮಯವನ್ನೇ ತೋರಿಸುತ್ತಿರಬಹುದು. ಗೋಡೆಯ ಗಡಿಯಾರ ನೋಡಿ ಅಲಾರಂ ಇಡಿ. ಕೈಯಲ್ಲಿ ಹಣ ಇದ್ದರೆ ಗಂಟೆ ಲೆಕ್ಕದ ಟ್ರಾನ್ಸಿಟ್ ಹೋಟೆಲ್ ಕೇಳಿ. ಇಮಿಗ್ರೇಷನ್ ದಾಟದೆ ಒಳಗೇ ಇರುವಂಥದ್ದು ನೋಡಿ. ಖರ್ಚು ಮಾಡುವುದಿದ್ದರೆ ನಾನು ಲೌಂಜಿಗಿಂತ ಇದಕ್ಕೇ ಮಾಡುತ್ತೇನೆ. ಲೌಂಜಿನಲ್ಲಿ ತಿನ್ನಬಹುದು, ಚಾಚಿ ಮಲಗುವುದು ಕಷ್ಟ.

ನಡುವೆ ಊರು ನೋಡಿ ಬರಬಹುದಾ?

ವೀಸಾ ಇದ್ದರೆ ಬರಬಹುದು. ಸಿಂಗಾಪುರ, ಇಸ್ತಾಂಬುಲ್‌ನಲ್ಲಿ ಟ್ರಾನ್ಸಿಟ್ ಪ್ರಯಾಣಿಕರಿಗೆ ಪುಕ್ಕಟೆ ಊರು ಸುತ್ತಿಸುವ ವ್ಯವಸ್ಥೆಯೂ ಇದೆ, ಷರತ್ತುಗಳ ಮೇಲೆ. ಚಾಂಗಿ ನಿಲ್ದಾಣಕ್ಕೆ ಅಂಟಿಕೊಂಡ ಜ್ಯುವೆಲ್ ಎಂಬ ಮಾಲ್‌ನಲ್ಲಿರುವ 40 ಮೀಟರಿನ ಜಲಪಾತ ನೋಡಲು ಕೂಡ ಇಮಿಗ್ರೇಷನ್ ದಾಟಬೇಕು, ಇದು ಬಹಳ ಜನಕ್ಕೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ಎಂಟು ಗಂಟೆಗಿಂತ ಕಮ್ಮಿ ಇದ್ದರೆ ಸಣ್ಣ ಮಕ್ಕಳ ಜೊತೆ ನಾನಂತೂ ಹೊರಗೆ ಹೋಗುವುದಿಲ್ಲ.

ಲಗೇಜ್ ಬರದೇ ಹೋದರೆ?

ಚೆಕ್-ಇನ್ ಮಾಡುವಾಗಲೇ ಬ್ಯಾಗಿಗೆ ಕಟ್ಟುವ ಚೀಟಿಯ ಮೇಲಿನ ಮೂರಕ್ಷರ ನೋಡಿ, ಅದು ಬ್ಯಾಗ್ ಹೋಗುವ ನಿಲ್ದಾಣದ ಗುರುತು. ಕೊನೆಯ ಊರಿನದ್ದೇ ಇದೆಯಾ? ಮಕ್ಕಳ ಸ್ಟ್ರಾಲರ್ ಗೇಟಿನಲ್ಲಿ ಕೊಟ್ಟರೆ ಅದು ನಡುವಿನ ನಿಲ್ದಾಣದಲ್ಲಿ ಸಿಗುತ್ತದೋ ಕೊನೆಗೋ ಅಂತ ಬಾಯಿಬಿಟ್ಟು ಕೇಳಿ. ಒಮ್ಮೆ ಕೇಳದೆ ಆರು ಗಂಟೆ ಮಗಳನ್ನು ಹೆಗಲ ಮೇಲೆ ಹೊತ್ತಿದ್ದೇವೆ.

ಬ್ಯಾಗ್ ಬರದಿದ್ದರೆ ನಿಲ್ದಾಣ ಬಿಟ್ಟು ಹೊರಡುವ ಮೊದಲೇ ದೂರು ಬರೆಸಿ, ನಂಬರ್ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಕಡೆ, ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ನಡುವೆ ಕೊಂಡ ಬಟ್ಟೆಬರೆಯ ರಸೀದಿ ಇಟ್ಟುಕೊಳ್ಳಿ. ಪ್ಯಾಕ್ ಮಾಡುವಾಗ ಒಬ್ಬೊಬ್ಬರದು ಒಂದೊಂದು ಬ್ಯಾಗ್ ಮಾಡದೆ ಎಲ್ಲರ ಬಟ್ಟೆಯನ್ನೂ ಎಲ್ಲ ಬ್ಯಾಗಿನಲ್ಲೂ ಹಂಚಿ.

ತಲುಪಿದ ಮೇಲೆ ಜೆಟ್ ಲ್ಯಾಗ್ ಎಷ್ಟು ದಿನ?

ಜೆಟ್ ಲ್ಯಾಗ್ ಅಂದರೆ ದೇಹ ಹಳೆಯ ಊರಿನ ಹೊತ್ತಿನಲ್ಲೇ ಉಳಿದು ನಿದ್ದೆ ಏರುಪೇರಾಗುವುದು. ಎರಡು ಊರಿನ ಸಮಯದ ಒಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಅಂತ ಒರಟು ಲೆಕ್ಕ. ಪೂರ್ವಕ್ಕೆ ಹೋದರೆ ಜಾಸ್ತಿ ಕಷ್ಟ. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಚೂರು ಉದ್ದ. ಅದಕ್ಕೆ ತಡವಾಗಿ ಮಲಗುವುದು ಸಲೀಸು, ಬೇಗ ಮಲಗುವುದು ಕಷ್ಟ. ಹಗಲು ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡಿ, ಊಟ ಹೊಸ ಊರಿನ ಹೊತ್ತಿಗೇ ಹಾಕಿ, ಹಗಲು ನಿದ್ದೆ ಒಂದು ತಾಸು ಮೀರದಂತೆ ನೋಡಿಕೊಳ್ಳಿ. ದೊಡ್ಡ ಕೆಲಸ ಏನೂ ಮೊದಲ ಎರಡು ದಿನ ಇಟ್ಟುಕೊಳ್ಳಬೇಡಿ.

ಬೆಳಗಿನ ಜಾವ ಮೂರಕ್ಕೆ ಮಕ್ಕಳು ಎದ್ದು ಕೂತರೆ?

ಏಳುತ್ತಾರೆ. ದೀಪ ದೊಡ್ಡದು ಹಾಕಬೇಡಿ, ಟಿವಿ ಹಾಕಬೇಡಿ. ಹಸಿವಾಗಿರುತ್ತದೆ, ಏನಾದರೂ ತಿನ್ನಲು ರಾತ್ರಿಯೇ ತೆಗೆದಿಡಿ. ಪುಸ್ತಕ, ಬ್ಲಾಕ್ಸ್ ಕೊಟ್ಟು ಒಬ್ಬರು ಜೊತೆಗೆ ಕೂರಿ. ಯಾರ ಪಾಳಿ ಎನ್ನುವುದನ್ನು ಮಲಗುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮೂರು ಗಂಟೆಗೆ ಎದ್ದು ಚರ್ಚೆ ಮಾಡಲು ಹೋದರೆ ಇಬ್ಬರೂ ನಿದ್ದೆ ಬಂದವರ ಹಾಗೆ ನಟಿಸುತ್ತಾರೆ, ಕೊನೆಗೆ ಅಜ್ಜಿ ಏಳುತ್ತಾರೆ.